ಘಾಟಿ ಹತ್ತುವಾಗ ನಿಲ್ಲೋ ಹಳೇ ಡಿಐ ಪಿಕಪ್: ಎಂಜಿನ್ ಬಿಚ್ಚೋ ಮೊದಲು ಏನೇನು ನೋಡಬೇಕು? (ಚರ್ಚೆ: ಪ್ರತಿ ಬರಹದ ಮೇಲಿರೋದು ಬರೆದವರ ಅಡ್ಡಹೆಸರು)

ಹೆಂಚಿನ ಲೋಡು (ಹಾಸನ):
ಗಾಡಿ 2010ರ ಬೊಲೆರೊ ಪಿಕಪ್, 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್), ನಾಝಲ್‌ಗೆ ಡೀಸೆಲ್ ಒತ್ತೋ ಮುಖ್ಯ ಪಂಪ್ ಮೆಕ್ಯಾನಿಕಲ್. ಮೂರನೇ ಕೈ. ಹಿಂದಿನವರು ಏನು ಮಾಡಿಸಿದ್ದರು, ಏನು ಬಿಟ್ಟಿದ್ದರು ಅನ್ನೋದಕ್ಕೆ ಒಂದು ಚೀಟಿಯೂ ಇಲ್ಲ. ಮೀಟರ್ ಕೇಬಲ್ ತುಂಡಾಗಿ ಎಷ್ಟೋ ಕಾಲವಾಗಿದೆ. ಓಡೋದು ಮಂಗಳೂರು–ಹಾಸನ. ಹೋಗುವಾಗ ತರಕಾರಿ, ಬರುವಾಗ ಹೆಂಚು.

ತೊಂದರೆಗಳು ಹೀಗಿವೆ:
ಬೆಳಿಗ್ಗೆ ನಾಲ್ಕೈದು ಸಲ ಉದ್ದಕ್ಕೆ ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಬಿಟ್ಟು ಸ್ಟಾರ್ಟ್ ಆಗುತ್ತೆ. ಒಮ್ಮೆ ಆದಮೇಲೆ ಇಡೀ ದಿನ ಅರ್ಧ ಸೆಲ್ಫಿಗೇ ಸ್ಟಾರ್ಟ್.
ಗುಂಡ್ಯ ದಾಟಿ ಶಿರಾಡಿ ಹತ್ತುವಾಗ 20–25 ನಿಮಿಷಕ್ಕೆ ಎಳೆತ ಕಡಿಮೆಯಾಗುತ್ತಾ ಬಂದು ನಿಂತೇಬಿಡುತ್ತೆ. 10–15 ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್, ನಾಲ್ಕೈದು ಕಿಲೋಮೀಟರ್ ಹೋಗಿ ಮತ್ತೆ ಅದೇ ಕಥೆ. ಬಯಲು ರಸ್ತೇಲಿ ಈ ತೊಂದರೆ ಅಪರೂಪ.
ಘಾಟೀಲಿ ಹೀಟ್ ಮುಳ್ಳು ಮುಕ್ಕಾಲು ದಾಟುತ್ತೆ. ಎರಡು ದಿನಕ್ಕೊಮ್ಮೆ ರೇಡಿಯೇಟರ್‌ಗೆ ಒಂದು ಲೀಟರ್ ನೀರು ಬೇಕು.
ಬ್ಯಾಟರಿ ಹೊಸದು, 4 ತಿಂಗಳಾಗಿದೆ. ಆದರೂ ರಾತ್ರಿ ಹೆಡ್‌ಲೈಟ್ ಹಾಕಿ ಓಡಿಸಿದ ಮಾರನೆಯ ದಿನ ಸೆಲ್ಫ್ ಸುಸ್ತು.
ಘಾಟಿ ಇಳಿಯುವಾಗ ಕೆಲವೊಮ್ಮೆ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿ.
1000 ಕಿಲೋಮೀಟರಿಗೆ ಅರ್ಧ ಲೀಟರ್ ಎಂಜಿನ್ ಆಯಿಲ್ ಹೋಗುತ್ತೆ.

ಈವರೆಗೆ ಮಾಡಿಸಿದ್ದು: ನಾಝಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸೋ ಭಾಗ) ಸರ್ವಿಸ್, ಹೊಸ ಫೀಡ್ ಪಂಪ್ (ಟ್ಯಾಂಕಿಂದ ಡೀಸೆಲ್ ಎಳೆಯೋದು), ಎರಡೂ ಡೀಸೆಲ್ ಫಿಲ್ಟರ್, ಬ್ಯಾಟರಿ. ಹೀಟ್ ಆಗುತ್ತೆ ಅಂತ ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋದು) ಕಿತ್ತುಹಾಕಿದ್ದಾರೆ. ಈಗ "ಎಂಜಿನ್ ಕೆಲಸಕ್ಕೆ ಬಂದಿದೆ, ಬಿಚ್ಚಬೇಕು" ಅಂತಿದ್ದಾರೆ. ಬಿಚ್ಚಿಸೋದಾ?

ಕೊಬ್ಬರಿ ಗಾಡಿ (ತಿಪಟೂರು):
ಬಿಳಿ ಹೊಗೆ, ಆಯಿಲ್ ಖರ್ಚು, ಎಳೆತ ಇಲ್ಲ. ಮೂರೂ ಸೇರಿದರೆ ರಿಂಗ್, ಲೈನರ್ (ಪಿಸ್ಟನ್ನಿನ ಬಳೆ, ಸಿಲಿಂಡರಿನ ಒಳಗೋಡೆ) ಹೋಗಿದೆ ಅಂತಲೇ ಅರ್ಥ. ಎಂಜಿನ್ ಬಿಚ್ಚಿ ಬೋರ್ ಕೆಲಸ (ಅವನ್ನ ಹೊಸದು ಮಾಡೋದು) ಮಾಡಿಸಿ ಅಣ್ಣಾ, ಚಿಲ್ಲರೆ ಚಿಲ್ಲರೆಯಾಗಿ ದುಡ್ಡು ಸುರೀಬೇಡಿ.

ಡೀಸೆಲ್ ಲೈನು:
ಈಗಲೇ ಬಿಚ್ಚಿಸಬೇಡಿ. ರಿಂಗ್ ಹೋದ ಎಂಜಿನ್ 15 ನಿಮಿಷ ನಿಂತು ಸುಧಾರಿಸಿಕೊಂಡು ಮತ್ತೆ ಐದು ಕಿಲೋಮೀಟರ್ ಜೋರಾಗಿ ಎಳೆಯಲ್ಲ. ಅದು ದಿನವಿಡೀ ಒಂದೇ ಥರ ಬಡವಾಗಿರುತ್ತೆ. ನಿಧಾನಕ್ಕೆ ಸಾಯೋದು, ನಿಂತರೆ ಬದುಕೋದು, ಏರಿನಲ್ಲಿ ಮಾತ್ರ ಆಗೋದು, ಇವು ಡೀಸೆಲ್ ಸಾಲದೆ ನಿಲ್ಲೋ ಗಾಡಿಯ ಲಕ್ಷಣ.

ಕಾರಣ ಸರಳ. ಬಯಲಲ್ಲಿ ಎಂಜಿನ್‌ಗೆ ಬೇಕಾದ ಡೀಸೆಲ್ ಕಮ್ಮಿ, ಅರ್ಧ ಕಟ್ಟಿದ ಪೈಪಲ್ಲೂ ಅಷ್ಟು ಬಂದುಬಿಡುತ್ತೆ. ಲೋಡಲ್ಲಿ ಏರು ಹತ್ತುವಾಗ ಫೀಡ್ ಪಂಪ್ ಜೋರಾಗಿ ಹೀರುತ್ತೆ. ಟ್ಯಾಂಕಿನ ತಳದ ಕೆಸರು ಆ ಹೀರಿಗೆ ಎದ್ದು ಜಾಲರಿಗೆ ಅಂಟಿಕೊಳ್ಳುತ್ತೆ. ಎಂಜಿನ್ ನಿಂತಮೇಲೆ ಹೀರು ಇರಲ್ಲ, ಕೆಸರು ಕಳಚಿ ಕೆಳಗೆ ಬೀಳುತ್ತೆ. ಆ 10–15 ನಿಮಿಷದ ಗುಟ್ಟು ಅದೇ. ಜಾಲರಿ ಟ್ಯಾಂಕಿನೊಳಗಿದೆ, ಫಿಲ್ಟರ್ ಎಷ್ಟು ಬದಲಿಸಿದರೂ ಅದು ಶುದ್ಧವಾಗಲ್ಲ.

ಮುಂದಿನ ಸಲ ಗಾಡಿ ನಿಂತಾಗ, ಸೆಲ್ಫ್ ಹೊಡೆಯೋ ಮೊದಲು, ಈ ಕ್ರಮದಲ್ಲೇ ನೋಡಿ.

ಮೊದಲು ಡೀಸೆಲ್ ಟ್ಯಾಂಕ್ ಮುಚ್ಚಳ ತೆಗೆಯಿರಿ. "ಸ್ಸ್" ಅಂತ ಗಾಳಿ ಒಳಗೆ ನುಗ್ಗಿದರೆ ಬ್ರೀದರ್ (ಟ್ಯಾಂಕಿಗೆ ಗಾಳಿ ಬರೋ ತೂತು) ಕಟ್ಟಿದೆ, ಟ್ಯಾಂಕಲ್ಲಿ ನಿರ್ವಾತ ಆಗಿ ಡೀಸೆಲ್ ಹೊರಡ್ತಿಲ್ಲ. ಮುಚ್ಚಳ ಸಡಿಲ ಬಿಟ್ಟು ಘಾಟಿ ಹತ್ತಿ ನೋಡಿದರೆ ಅಲ್ಲೇ ತೀರ್ಮಾನ ಆಗುತ್ತೆ.

ಆಮೇಲೆ ಫೀಡ್ ಪಂಪ್ ಮೇಲಿನ ಹ್ಯಾಂಡ್ ಪ್ರೈಮರ್ (ಕೈಯಲ್ಲಿ ಒತ್ತಿ ಡೀಸೆಲ್ ತುಂಬಿಸೋ ಗುಂಡಿ) ತಿರುಪು ಬಿಚ್ಚಿ ಮೇಲಕ್ಕೆ ಎಳೆಯಿರಿ. ಕೈ ಬಿಟ್ಟರೆ ತಾನೇ ಕೆಳಕ್ಕೆ ಎಳೆದುಕೊಂಡರೆ ಟ್ಯಾಂಕ್ ಕಡೆಯಿಂದ ಬರೋ ದಾರಿ ಕಟ್ಟಿದೆ. ಪೊಳ್ಳಾಗಿ ಸಿಕ್ಕಿ, 20–30 ಸಲ ಒತ್ತಿದ ಮೇಲೆ ಗಟ್ಟಿಯಾದರೆ ಲೈನಿಗೆ ಏರ್ ಹಿಡೀತಿದೆ. ಮೊದಲ ಒತ್ತಿಗೇ ಗಟ್ಟಿ ಇದ್ದರೆ ಡೀಸೆಲ್ ಮುಖ್ಯ ಪಂಪ್‌ವರೆಗೂ ಬಂದಿದೆ, ತೊಂದರೆ ಮುಂದೆ ಇದೆ. ಆಗ ಮುಖ್ಯ ಪಂಪ್ ರೋಟರಿ ಥರದ್ದಾಗಿದ್ದರೆ ಅದರ ಸ್ಟಾಪ್ ಸೊಲೆನಾಯ್ಡ್‌ಗೆ (ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಲಿಸೋ ಕರೆಂಟಿನ ವಾಲ್ವ್) ಕೀ ಆನ್‌ನಲ್ಲಿ 12 ವೋಲ್ಟ್ ಬರ್ತಿದೆಯಾ ನೋಡಿ. ಆ ವಯರ್ ಲೂಸ್ ಇದ್ದರೂ ನಿಲ್ಲುತ್ತೆ, ಆದರೆ ಅದು ಟಕ್ ಅಂತ ನಿಲ್ಲೋದು, ನಿಮ್ಮದರ ಹಾಗೆ ಸೊರಗಿ ನಿಲ್ಲೋದಲ್ಲ.

ಬೆಳಗಿನ ತೊಂದರೆಗೂ ಇದೇ ಪ್ರೈಮರ್ ಸಾಕ್ಷಿ. ನಾಳೆ ಬೆಳಿಗ್ಗೆ ಸೆಲ್ಫ್ ಮುಟ್ಟದೆ ಮೊದಲು ಪ್ರೈಮರ್ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಒಂದೇ ಸೆಲ್ಫಿಗೆ ಹಿಡಿದರೆ ಕಂಪ್ರೆಷನ್ ಮೇಲೆ ಅನುಮಾನ ಬೇಡ. ರಾತ್ರಿಯೆಲ್ಲ ಎಲ್ಲಿಂದಲೋ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳೀತಿದೆ ಅಂತ ಅರ್ಥ.

ಇನ್ನೊಂದು ಪ್ರಶ್ನೆ: ಗಾಡಿ ನಿಲ್ಲುವಾಗ ಟ್ಯಾಂಕಲ್ಲಿ ಎಷ್ಟು ಡೀಸೆಲ್ ಇರುತ್ತೆ? ಕಾಲು ಟ್ಯಾಂಕಿಗಿಂತ ಕಮ್ಮಿ ಇದ್ದರೆ ಏರಿನಲ್ಲಿ ಡೀಸೆಲ್ ಒಂದು ಮಗ್ಗುಲಿಗೆ ಸರಿದು ಪೈಪ್ ಗಾಳಿ ಕುಡಿಯುತ್ತೆ.

ವಯರಿಂಗ್ ಬೆಂಚು:
ಡೀಸೆಲ್ ಕಡೆ ಅವರು ಹೇಳಿದ್ದು ಸರಿ. ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ನಾಲ್ಕು ದೂರು: ಬ್ಯಾಟರಿ ಇಳಿಯೋದು, ಬ್ರೇಕ್ ಗಟ್ಟಿಯಾಗೋದು, ಹೀಟು, ಆಯಿಲ್ ಖರ್ಚು. ಬೇರೆ ಬೇರೆ ಮೆಕ್ಯಾನಿಕ್ ಹತ್ತಿರ ಹೋದರೆ ನಾಲ್ಕಕ್ಕೂ ನಾಲ್ಕು ಬಿಲ್ಲು. ಆದರೆ ಈ ಎಂಜಿನ್‌ನಲ್ಲಿ ಬ್ರೇಕ್ ಬೂಸ್ಟರ್‌ಗೆ (ನಿರ್ವಾತದ ಬಲದಿಂದ ಪೆಡಲ್ ಹಗುರ ಮಾಡೋ ಭಾಗ) ನಿರ್ವಾತ ಕೊಡೋ ವ್ಯಾಕ್ಯೂಮ್ ಪಂಪ್ ಡೈನಮೋದ ಬೆನ್ನಿಗೇ ಕೂತಿದೆ. ಡೈನಮೋ ತಿರುಗೋದು ಫ್ಯಾನ್ ಬೆಲ್ಟಿಂದ. ವಾಟರ್ ಪಂಪ್ ತಿರುಗೋದೂ ಅದೇ ಬೆಲ್ಟಿಂದ. ಆ ವ್ಯಾಕ್ಯೂಮ್ ಪಂಪಿಗೆ ಜಿಡ್ಡು ಎಂಜಿನ್ ಆಯಿಲಿಂದಲೇ ಬರೋದು. ಅಂದರೆ ನಾಲ್ಕೂ ದೂರಿಗೆ ಒಂದೇ ಜಾಗದಲ್ಲಿ ಮೂಲ ಇರಬಹುದು. ಮೊದಲು ಅಲ್ಲಿ ಕೈ ಇಡಿ.

ಎಂಜಿನ್ ಆಫ್ ಮಾಡಿ ಬೆಲ್ಟ್ ನೋಡಿ. ವಿ ಬೆಲ್ಟ್ ಹಿಡಿತ ಇರೋದು ಅದರ ಎರಡು ಕೆನ್ನೇಲಿ, ತಳದಲ್ಲಲ್ಲ. ಬೆಲ್ಟ್ ಸವೆದು ಪುಲ್ಲಿಯ ತಳಕ್ಕೆ ಕೂತಿದ್ದರೆ ತಳ ಕನ್ನಡಿಯಂತೆ ಹೊಳೀತಿರುತ್ತೆ. ಅಂಥ ಬೆಲ್ಟನ್ನ ಎಷ್ಟು ಬಿಗಿ ಮಾಡಿದರೂ ಜಾರುತ್ತೆ. ಸರಿಯಾದ ಬೆಲ್ಟಿನ ಬೆನ್ನು ಪುಲ್ಲಿಯ ಅಂಚಿನ ಸಮಕ್ಕೆ ನಿಂತಿರಬೇಕು. ಉದ್ದದ ಮಧ್ಯೆ ಹೆಬ್ಬೆರಳಲ್ಲಿ ಒತ್ತಿದರೆ 10–12 ಮಿಲಿಮೀಟರ್ ತಗ್ಗಬೇಕು.

ಆಮೇಲೆ ಮಲ್ಟಿಮೀಟರ್. ಒಂದನ್ನೂ ಬಿಡದೆ ಬರೆದುಕೊಳ್ಳಿ:

ರಾತ್ರಿಯಿಡೀ ನಿಂತ ಗಾಡೀಲಿ ಬ್ಯಾಟರಿ ವೋಲ್ಟ್. 12.6 ಇದ್ದರೆ ಪೂರ್ತಿ ಚಾರ್ಜ್, 12.4 ಅಂದರೆ ಮುಕ್ಕಾಲು, 12.0 ಅಂದರೆ ಬಹುತೇಕ ಖಾಲಿ.
ಸೆಲ್ಫ್ ಹೊಡೆಯುವಾಗ ಅದೇ ಟರ್ಮಿನಲ್ಲಲ್ಲಿ. 9.6ಕ್ಕಿಂತ ಕೆಳಗೆ ಬೀಳಬಾರದು.
ಮಲ್ಟಿಮೀಟರ್ ವಯರಿನ ಒಂದು ಮುಳ್ಳು ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಶುದ್ಧ ಲೋಹಕ್ಕೆ. ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗೋ ದಾರಿ) ಕೆಟ್ಟಿದೆ. ಹೀಗೇ ಪಾಸಿಟಿವ್ ಕಂಬದಿಂದ ಸೆಲ್ಫ್ ಮೋಟಾರ್ ಬೋಲ್ಟಿಗೆ, ಅಲ್ಲಿ 0.5ರ ಒಳಗಿರಬೇಕು.
ಎಂಜಿನ್ 2000 ಆರ್‌ಪಿಎಂನಲ್ಲಿ, ಹೆಡ್‌ಲೈಟ್ ಆನ್ ಮಾಡಿ, ಬ್ಯಾಟರಿ ಮೇಲೆ. 13.8–14.4 ಇರಬೇಕು.

ಹಳೇ ಗಾಡೀಲಿ ಎಂಜಿನ್‌ನಿಂದ ಚಾಸಿಗೆ ಹೋಗೋ ಅರ್ತ್ ಪಟ್ಟಿಯನ್ನ ಯಾರೋ ಗೇರ್‌ಬಾಕ್ಸ್ ಇಳಿಸಿದಾಗ ತೆಗೆದು ಮತ್ತೆ ಹಾಕಿರಲ್ಲ. ಆಗ ಸೆಲ್ಫ್ ಕರೆಂಟ್ ಆಕ್ಸಿಲರೇಟರ್ ಕೇಬಲ್ ಮೂಲಕ ವಾಪಸ್ ಹೋಗುತ್ತೆ. ಸೆಲ್ಫ್ ಹೊಡೆದ ತಕ್ಷಣ ಆ ಕೇಬಲ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಇನ್ನೇನೂ ಹುಡುಕೋದು ಬೇಡ.

ಡೈನಮೋ ಕೆಳಗಡೆ, ಗಾಳಿ ಹೊರಬರೋ ಕಿಂಡಿ ಹತ್ತಿರ ಒಂದು ಬಿಳಿ ಬಟ್ಟೆ ಒರೆಸಿ. ಕಪ್ಪು ಆಯಿಲ್ ಹತ್ತಿದರೆ ವ್ಯಾಕ್ಯೂಮ್ ಪಂಪ್ ಸೀಲ್ ಹೋಗಿ ಆಯಿಲ್ ಡೈನಮೋ ಒಳಗೆ ಇಳೀತಿದೆ. ಬ್ರಷ್ ನೆನೆದು ಚಾರ್ಜಿಂಗ್ ಬಡವಾಗುತ್ತೆ.

ರೇಡಿಯೇಟರ್ ಬೀದಿ:
ಥರ್ಮೋಸ್ಟಾಟ್ ಕಿತ್ತಿದ್ದು ತಪ್ಪು. ಇದನ್ನ ಎಷ್ಟು ಸಲ ಬರೆದರೂ ಸಾಲದು. ವಾಲ್ವ್ ಇಲ್ಲದ ಎಂಜಿನ್ ಬೆಳಿಗ್ಗೆ ಬಹಳ ಹೊತ್ತು ತಣ್ಣಗೇ ಓಡುತ್ತೆ, ಡೀಸೆಲ್ ಪೂರ್ತಿ ಉರಿಯಲ್ಲ, ಉರಿಯದ್ದು ಲೈನರ್ ಮೇಲಿನ ಆಯಿಲ್ ಪದರವನ್ನ ತೊಳೀತಾ ಹೋಗುತ್ತೆ. ನೀವು ಹೇಳಿದ ಬಿಳಿ ಹೊಗೇಲಿ ಇದರ ಪಾಲೂ ಇದೆ. ಇನ್ನೊಂದು ಕಡೆ, ಬೈಪಾಸ್ ದಾರಿಯನ್ನ ಮುಚ್ಚೋ ಥರದ ವಾಲ್ವ್ ಇರೋ ಎಂಜಿನ್‌ನಲ್ಲಿ ಅದನ್ನ ತೆಗೆದರೆ ಒಂದಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಎಂಜಿನ್‌ನಲ್ಲೇ ಸುತ್ತುತ್ತೆ, ಘಾಟೀಲಿ ಹೀಟ್ ಇನ್ನೂ ಹೆಚ್ಚುತ್ತೆ.

ಹೊಸ ವಾಲ್ವ್ ತಂದರೆ ಹಾಕೋ ಮೊದಲೇ ಪರೀಕ್ಷೆ ಮಾಡಿ. ದಾರ ಕಟ್ಟಿ ಪಾತ್ರೆ ನೀರಲ್ಲಿ ತೂಗುಬಿಟ್ಟು ಕಾಯಿಸಿ. ಅದರ ಮೈಮೇಲೆ ಕೆತ್ತಿರೋ ಡಿಗ್ರಿ ಹತ್ತಿರ ಬಾಯಿ ಬಿಡೋಕೆ ಶುರುವಾಗಬೇಕು. ನೀರು ಕುದಿಯೋ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ಹೀಟಿನ ನಿಜವಾದ ಕಾರಣ ಹುಡುಕೋಕೆ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಹಾಕಿ. ಕೊಳವೆಗಳ ಬಾಯಲ್ಲಿ ಸುಣ್ಣದ ಥರ ಬಿಳಿ ಪಟ್ಟೆ ಕಂಡರೆ ಬೋರ್‌ವೆಲ್ ನೀರು ಸುರಿದ ಫಲ. ಹಾಸನ, ತುಮಕೂರು, ಕೋಲಾರ ಕಡೆ ರಸ್ತೆ ಪಕ್ಕ ಸಿಗೋ ಬೋರ್ ನೀರು ಗಡಸು. ಎರಡು ದಿನಕ್ಕೆ ಒಂದು ಲೀಟರ್ ಅಂತ ಸುರೀತಾ ಹೋದರೆ ವರ್ಷಕ್ಕೆ ಎಷ್ಟು ಸುಣ್ಣ ಒಳಗೆ ಹೋಯ್ತು ಲೆಕ್ಕ ಹಾಕಿ. ಎಂಜಿನ್ ಬಿಸಿಯಾದ ಮೇಲೆ ಆಫ್ ಮಾಡಿ, ಫಿನ್ನುಗಳ ಮೇಲೆ ಅಂಗೈ ಹತ್ತಿರ ಆಡಿಸಿ. ಎಲ್ಲ ಕಡೆ ಬಿಸಿ ಇದ್ದು ನಡುವೆ ಒಂದು ಜಾಗ ತಣ್ಣಗಿದ್ದರೆ ಅಲ್ಲಿ ಕೊಳವೆ ಕಟ್ಟಿದೆ. ತಾಮ್ರದ ರೇಡಿಯೇಟರ್ ಆದರೆ ಬಿಚ್ಚಿಸಿ ರಾಡ್ ಹೊಡೆಸಬಹುದು (ಕೊಳವೆಗಳೊಳಗೆ ಸರಳು ತೂರಿಸಿ ಕಟ್ಟಿದ್ದನ್ನ ತೆಗೆಸೋದು). ಅಂಗಡಿಯ ಆಸಿಡ್ ಸುರಿಯೋ ಆಸೆ ಬೇಡ, ಹಳೇ ಬೆಸುಗೆ ಕಿತ್ತುಬರುತ್ತೆ.

ಫ್ಯಾನಿನ ಸುತ್ತ ಪ್ಲಾಸ್ಟಿಕ್ ಕವಚ ಇದೆಯಾ? ಹಳೇ ಗಾಡಿಗಳಲ್ಲಿ ಒಡೆದು ಬಿಸಾಕಿರ್ತಾರೆ. ಅದಿಲ್ಲದಿದ್ದರೆ ಫ್ಯಾನ್ ಬಿಸಿಗಾಳಿಯನ್ನೇ ತಿರುಗಿ ತಿರುಗಿ ಎಳೆಯುತ್ತೆ, ನಿಧಾನ ವೇಗದ ಏರಿನಲ್ಲಿ ಹೀಟ್ ಆಗೋಕೆ ಅದೊಂದೇ ಸಾಕು. ರೇಡಿಯೇಟರ್ ಮುಚ್ಚಳದ ರಬ್ಬರ್ ಸೀಳಿದ್ದರೆ ಬದಲಿಸಿ. ಒತ್ತಡ ಒಳಗೇ ಉಳಿದರೆ ನೀರು ಕುದಿಯೋದು 100 ಡಿಗ್ರಿಗಲ್ಲ, 120ರ ಹತ್ತಿರ. ಒತ್ತಡ ಸೋರಿದರೆ ಆ ಲಾಭವೆಲ್ಲ ಹೋಯ್ತು. ಬಿಸಿ ಗಾಡಿಯ ಮುಚ್ಚಳಕ್ಕೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕಬೇಡಿ, ಬಟ್ಟೆ ಸುತ್ತಿಕೊಂಡೂ ಬೇಡ.

ಗ್ಯಾರೇಜ್ ತುಮಕೂರು:
ಕೊಬ್ಬರಿ ಗಾಡಿಯವರ ಮಾತನ್ನ ತಳ್ಳಿಹಾಕೋದು ಬೇಡ, ಆದರೆ ಪರೀಕ್ಷೆ ಮಾಡಿಯೇ ಒಪ್ಪೋಣ. ಎಂಜಿನ್ ಬಿಸಿ ಇರುವಾಗ ಐಡಲ್‌ನಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೆದು ತಲೆಕೆಳಗಾಗಿ ತೂತಿನ ಮೇಲಿಡಿ. ಸುಮ್ಮನೆ ನಡುಗುತ್ತಾ ಕೂತಿದ್ದರೆ ರಿಂಗ್ ಇನ್ನೂ ಬದುಕಿದೆ. ಹಾರಿ ಬಿದ್ದರೆ, ಉಗಿಬಂಡಿ ಥರ ಬಿಡದೆ ಹೊಗೆ ಬಂದರೆ ಕೊಬ್ಬರಿ ಗಾಡಿಯವರು ಗೆದ್ದರು.

ಹೊಗೆ ಬಣ್ಣ ನೋಡುವಾಗ ಹೊತ್ತನ್ನೂ ನೋಡಿ. ಬೆಳಿಗ್ಗೆ ಮಾತ್ರ ಬಿಳಿ, ಕಣ್ಣು ಉರಿಸೋ ವಾಸನೆ: ಉರಿಯದ ಡೀಸೆಲ್. ಬಿಸಿಯಾದ ಮೇಲೂ ಬಿಳಿ, ನೀರೂ ಕಮ್ಮಿಯಾಗ್ತಿದೆ: ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಅನುಮಾನ. ಲೋಡಲ್ಲಿ ಕಪ್ಪು: ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಾಲದು. ಅಂದರೆ ಏರ್ ಫಿಲ್ಟರ್, ಟರ್ಬೊ ಹೋಸಿನ ಸೀಳು, ಇಲ್ಲಾ ನಾಝಲ್. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ನೀಲಿ: ಆಯಿಲ್ ಉರೀತಿದೆ. ನೀವು ನೀಲಿ ಹೊಗೆ ಅಂತ ಎಲ್ಲೂ ಬರೆದಿಲ್ಲ. ಹಾಗಾದರೆ ಆ ಅರ್ಧ ಲೀಟರ್ ಆಯಿಲ್ ಉರಿಯದೆ ಎಲ್ಲೋ ಸೋರಿರಬಹುದು.

ಗ್ಯಾಸ್ಕೆಟ್‌ಗೆ: ತಣ್ಣನೆ ಎಂಜಿನ್, ರೇಡಿಯೇಟರ್ ತುಂಬಿಸಿ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ಗುಳ್ಳೆ ಲೆಕ್ಕಕ್ಕಿಲ್ಲ. ಬಿಡದೆ ಸಾಲುಗಟ್ಟಿ ಗುಳ್ಳೆ ಬಂದರೆ, ಇಲ್ಲಾ ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದ ಎರಡೇ ನಿಮಿಷಕ್ಕೆ, ನೀರು ಬಿಸಿಯಾಗೋ ಮೊದಲೇ, ಮೇಲಿನ ಹೋಸ್ ಕಲ್ಲಾದರೆ ಸಿಲಿಂಡರ್ ಗಾಳಿ ನೀರಿಗೆ ನುಗ್ತಿದೆ.

ಯಾವುದಾದರೂ ಸಿಲಿಂಡರ್ ಸತ್ತಿದೆಯಾ ನೋಡೋಕೆ ನಾಝಲ್ ಪೈಪಿನ ನಟ್ ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ ಬಿಗಿಮಾಡೋದು ಎಲ್ಲರಿಗೂ ಗೊತ್ತು. ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡ್ತಿರಲಿಲ್ಲ. ಆದರೆ ಬಟ್ಟೆ ಸುತ್ತಿ, ಕನ್ನಡಕ ಹಾಕಿ ಮಾಡಿ. ಆ ಒತ್ತಡದ ಡೀಸೆಲ್ ಚರ್ಮದೊಳಕ್ಕೇ ಹೋಗುತ್ತೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಕೈ ಕಳೆದುಕೊಳ್ಳೋ ಅಪಾಯ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೈಲ್ (ಕಂಪ್ಯೂಟರ್ ನಡೆಸೋ, ಇನ್ನೂ ಹೆಚ್ಚು ಒತ್ತಡದ ಡೀಸೆಲ್ ವ್ಯವಸ್ಥೆ) ಗಾಡೀಲಿ ಈ ಪರೀಕ್ಷೆ ಮಾಡಲೇಬಾರದು.

ಹೆಂಚಿನ ಲೋಡು (ಹಾಸನ):
ಮೂರು ದಿನದಲ್ಲಿ ಅಳೆದದ್ದು ಇಷ್ಟು.

ಬ್ಯಾಟರಿ ಬೆಳಿಗ್ಗೆ 12.1. ಸೆಲ್ಫ್ ಹೊಡೆಯುವಾಗ 9.1. ಅರ್ತ್ ಕಡೆ 0.9 ವೋಲ್ಟ್ ಬಿತ್ತು. ಆಕ್ಸಿಲರೇಟರ್ ಕೇಬಲ್ ಬೆಚ್ಚಗಿತ್ತು. ಅರ್ತ್ ಪಟ್ಟಿ ಗೇರ್‌ಬಾಕ್ಸ್ ಹತ್ತಿರ ಒಂದು ತುದಿ ಮಾತ್ರ ನೇತಾಡ್ತಿದೆ. 2000 ಆರ್‌ಪಿಎಂ, ಹೆಡ್‌ಲೈಟ್ ಆನ್: 12.5.
ಬೆಲ್ಟಿನ ತಳ ಹೊಳೀತಿದೆ. ಡೈನಮೋ ಕಿಂಡಿ ಒರೆಸಿದ ಬಟ್ಟೆ ಕಪ್ಪಾಯ್ತು.
ಆಯಿಲ್ ಮುಚ್ಚಳ ಹಾರಲಿಲ್ಲ, ನಡುಗ್ತಾ ಅಲ್ಲೇ ಇತ್ತು. ರೇಡಿಯೇಟರ್‌ನಲ್ಲಿ ಗುಳ್ಳೆ ಇಲ್ಲ. ಫ್ಯಾನ್ ಕವಚ ಅರ್ಧ ಮುರಿದಿದೆ.
ಬೆಳಿಗ್ಗೆ ಪ್ರೈಮರ್ 27 ಸಲ ಒತ್ತಿದ ಮೇಲೆ ಗಟ್ಟಿಯಾಯ್ತು, ಆಮೇಲೆ ಮೊದಲ ಸೆಲ್ಫಿಗೇ ಸ್ಟಾರ್ಟ್.
ಘಾಟೀಲಿ ನಿಂತಾಗ ಮುಚ್ಚಳ ತೆಗೆದರೆ ಸದ್ದಿಲ್ಲ. ಪ್ರೈಮರ್ ಎಳೆದರೆ ತಾನೇ ಒಳಕ್ಕೆ ಎಳೆದುಕೊಂಡಿತು. ಟ್ಯಾಂಕ್ ಅರ್ಧ ಇತ್ತು.

ಬೆಳಿಗ್ಗೆ ಏರ್ ಇದೆ ಅನ್ನುತ್ತೆ, ಘಾಟೀಲಿ ಕಟ್ಟಿದೆ ಅನ್ನುತ್ತೆ. ಎರಡೂ ಹೇಗೆ?

ಕೊಬ್ಬರಿ ಗಾಡಿ (ತಿಪಟೂರು):
ಮುಚ್ಚಳ ಹಾರದಿದ್ದ ಮೇಲೆ ಬೋರ್ ಕೆಲಸದ ಮಾತು ವಾಪಸ್ ತಗೊಂಡೆ. ಬಿಚ್ಚಿಸಬೇಡಿ.

ಡೀಸೆಲ್ ಲೈನು:
ಎರಡೂ ಒಟ್ಟಿಗೆ ಇರೋದೇ ಹೆಚ್ಚು, ಒಂದು ಇನ್ನೊಂದನ್ನ ಜೋರು ಮಾಡುತ್ತೆ. ಟ್ಯಾಂಕಿಂದ ಫೀಡ್ ಪಂಪ್‌ವರೆಗಿನ ಪೈಪ್ ಹೀರೋ ಕಡೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕಲ್ಲ, ಗಾಳಿ ಒಳಗೆ ಹೋಗುತ್ತೆ. ಅದಕ್ಕೇ ಕಣ್ಣಿಗೆ ಕಾಣದೆ ವರ್ಷಗಟ್ಟಲೆ ಇರುತ್ತೆ. ಜಾಲರಿ ಕಟ್ಟಿ ಹೀರು ಜೋರಾದಷ್ಟೂ ಆ ತೂತಿಂದ ಗಾಳಿ ಹೆಚ್ಚು.

ಟ್ಯಾಂಕ್ ಬಿಚ್ಚೋ ಮೊದಲು ಒಂದು ಖಚಿತ ಪರೀಕ್ಷೆ ಇದೆ. 10 ಲೀಟರ್ ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿಸಿ, ಹಿಂದಿನ ಬಾಡೀಲಿ ಕ್ಯಾಬಿನ್ ಗೋಡೆಗೆ ಹಗ್ಗದಿಂದ ಬಿಗಿಯಾಗಿ ಕಟ್ಟಿ. ಕ್ಯಾಬಿನ್ ಒಳಗೆ ಬೇಡ, ಸೈಲೆನ್ಸರ್ ಕಡೆಗೂ ಬೇಡ. ಫೀಡ್ ಪಂಪಿನ ಒಳಬರೋ ಪೈಪ್ ಬಿಚ್ಚಿ, ಹೊಸ ಡೀಸೆಲ್ ಹೋಸಲ್ಲಿ ಕ್ಯಾನಿಂದ ಕೊಡಿ. ರಿಟರ್ನ್ ಪೈಪನ್ನೂ ಕ್ಯಾನಿಗೇ ತಿರುಗಿಸಿ, ಇಲ್ಲದಿದ್ದರೆ ಕ್ಯಾನಿನ ಡೀಸೆಲ್ ಟ್ಯಾಂಕಿಗೆ ಹೋಗಿ ಅರ್ಧ ಘಾಟೀಲೇ ಖಾಲಿ. ಕ್ಯಾನಿನ ಮುಚ್ಚಳಕ್ಕೆ ಗಾಳಿ ತೂತು ಇರಲಿ. ಫಿಲ್ಟರ್‌ನಿಂದ ಮುಖ್ಯ ಪಂಪಿಗೆ ಹೋಗೋ ಹೋಸಿನ ಜಾಗದಲ್ಲಿ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ, ಡೀಸೆಲ್ ಜೊತೆ ಗುಳ್ಳೆ ಬರ್ತಿದೆಯಾ ಕಣ್ಣಾರೆ ನೋಡಬಹುದು. ಪರೀಕ್ಷೆ ಮುಗಿದ ಮೇಲೆ ಆ ಪೈಪ್ ತೆಗೆದುಬಿಡಿ, ಬಿಸಿಗೆ ಅದು ನಿಲ್ಲಲ್ಲ.

ಹೀಗೆ ಘಾಟಿ ಹತ್ತಿ ಗಾಡಿ ನಿಲ್ಲದಿದ್ದರೆ ಫೀಡ್ ಪಂಪ್, ಫಿಲ್ಟರ್, ಮುಖ್ಯ ಪಂಪ್, ನಾಝಲ್ ಎಲ್ಲವೂ ನಿರ್ದೋಷಿ. ತೊಂದರೆ ಪೂರ್ತಿ ಟ್ಯಾಂಕ್ ಕಡೆ.

ಘಾಟಿ ಇಳಿಜಾರು:
ಬ್ರೇಕ್ ವಿಷಯವನ್ನ ಎಲ್ಲರೂ ಕೊನೆಗೆ ಇಟ್ಟಿದ್ದೀರಿ, ಅದನ್ನ ಮೊದಲು ಮಾಡಿಸಿ ಸರ್. ಹೆಂಚು ಹೇರಿದ ಗಾಡಿ ಏರಿನಲ್ಲಿ ನಿಂತರೆ ಹೊತ್ತು ಹಾಳು, ತರಕಾರಿ ಹೇರಿಕೊಂಡು ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ ಜೀವ ಹಾಳು.

ಪೆಡಲ್ ಮೂರು ಥರ ಮಾತಾಡುತ್ತೆ. ಕಲ್ಲಿನಂತೆ ಗಟ್ಟಿ ಅಂದರೆ ಬೂಸ್ಟರ್‌ಗೆ ನಿರ್ವಾತ ಇಲ್ಲ, ಇಲ್ಲಾ ಬೂಸ್ಟರೇ ಕೆಟ್ಟಿದೆ. ಸ್ಪಂಜಿನಂತೆ ಮೆತ್ತಗೆ ಅಂದರೆ ಬ್ರೇಕ್ ಆಯಿಲಲ್ಲಿ ಗಾಳಿ, ಇಲ್ಲಾ ಹಳೇ ಆಯಿಲಿನ ನೀರು ಬಿಸಿಗೆ ಆವಿಯಾಗಿದೆ. ಒತ್ತಿ ಹಿಡಿದರೆ ನಿಧಾನಕ್ಕೆ ಕೆಳಗಿಳಿದರೆ ಮಾಸ್ಟರ್ ಸಿಲಿಂಡರ್ ವಾಷರ್ ಹೋಗಿದೆ, ಇಲ್ಲಾ ಚಕ್ರದಲ್ಲಿ ಸೋರ್ತಿದೆ.

ನಿಮ್ಮದು ಗಟ್ಟಿ. ಎಂಜಿನ್ ಆಫ್ ಇರುವಾಗ ಪೆಡಲ್ ಐದು ಸಲ ಒತ್ತಿ, ಆರನೇ ಸಲ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲಡಿ ಸ್ವಲ್ಪ ಕುಸಿದರೆ ಬೂಸ್ಟರ್ ಕೆಲಸ ಮಾಡ್ತಿದೆ. ಕುಸಿಯದಿದ್ದರೆ ವ್ಯಾಕ್ಯೂಮ್ ಹೋಸ್ ಬೂಸ್ಟರ್ ಕಡೆಯಿಂದ ಕಿತ್ತು ಹೆಬ್ಬೆರಳು ಇಡಿ. ಬೆರಳನ್ನ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ಪಂಪ್, ಬೆಲ್ಟ್, ಇಲ್ಲಾ ಹೋಸ್. ಹಿಡಿದರೆ ತೊಂದರೆ ಬೂಸ್ಟರಲ್ಲೇ. ಹೋಸಲ್ಲಿರೋ ಒನ್‌ವೇ ವಾಲ್ವ್ ಬಾಯಿಂದ ಊದಿ ನೋಡಿ, ಒಂದೇ ಕಡೆ ಗಾಳಿ ಹೋಗಬೇಕು. ಎಂಜಿನ್ ಆಫ್ ಮಾಡಿದ ಮೇಲೂ ಎರಡು ಮೂರು ಬ್ರೇಕಿಗೆ ನಿರ್ವಾತ ಉಳಿಸೋದು ಅದೇ.

ಡೀಸೆಲ್ ಉಳಿಸೋಕೆ ಘಾಟೀಲಿ ನ್ಯೂಟ್ರಲ್ ಹಾಕಿ ಇಳಿಸೋ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಐಡಲ್‌ನಲ್ಲಿ ಜಾರೋ ಬೆಲ್ಟು, ಸುಸ್ತಾದ ಪಂಪು, ಮೇಲಿಂದ ಮೇಲೆ ಬ್ರೇಕು. ನಿರ್ವಾತ ತುಂಬೋಕೆ ಸಮಯವೇ ಸಿಗಲ್ಲ. ಪೆಡಲ್ ಗಟ್ಟಿಯಾಗೋದು ಆಗಲೇ. ಹತ್ತಿದ ಗೇರಲ್ಲೇ ಇಳೀರಿ.

ವಯರಿಂಗ್ ಬೆಂಚು:
ಡೈನಮೋ ಬಿಚ್ಚಿಸಿದಾಗ ಬರೀ ಸೀಲ್ ಬದಲಿಸಿ ಮುಚ್ಚೋಕೆ ಬಿಡಬೇಡಿ. ವ್ಯಾಕ್ಯೂಮ್ ಪಂಪಿಂದ ಎಂಜಿನ್‌ಗೆ ಆಯಿಲ್ ವಾಪಸ್ ಇಳಿಯೋ ದಪ್ಪ ಹೋಸ್ ಇದೆ. ಅದು ಒಳಗೆ ಊದಿಕೊಂಡೋ, ಮಡಿಚಿಕೊಂಡೋ ಕಟ್ಟಿದ್ದರೆ ಆಯಿಲ್ ಇಳಿಯೋಕೆ ದಾರಿ ಇಲ್ಲದೆ ಪಂಪಲ್ಲೇ ತುಂಬಿ ಸೀಲ್ ದಾಟಿ ಡೈನಮೋಗೆ ಬರುತ್ತೆ. ಹೋಸ್ ಬದಲಿಸದೆ ಸೀಲ್ ಹಾಕಿದರೆ ತಿಂಗಳೊಳಗೆ ಅದೇ ಕಥೆ. ಬ್ರಷ್ ಹೊಸದು ಹಾಕಿಸಿ, ವೈಂಡಿಂಗ್ ತೊಳೆಸಿ ಪೂರ್ತಿ ಒಣಗಿಸಿ.

ಇನ್ನೊಂದು, ಫ್ಯೂಸ್ ಪೆಟ್ಟಿಗೆ ತೆಗೆದು ನೋಡಿ. ಫ್ಯೂಸ್ ಜಾಗದಲ್ಲಿ ತಂತಿ ಸುತ್ತಿದ್ದರೆ ಎಲ್ಲವನ್ನೂ ತೆಗೆದು ಮುಚ್ಚಳದ ಮೇಲೆ ಬರೆದಿರೋ ಆಂಪಿಯರ್‌ನದೇ ಹಾಕಿ. ಫ್ಯೂಸ್ ಸುಟ್ಟರೆ ಒಂದು ಲೈಟ್ ಹೋಗುತ್ತೆ, ತಂತಿ ಸುಡದಿದ್ದರೆ ಗಾಡಿ ಹೋಗುತ್ತೆ.

ಹೆಂಚಿನ ಲೋಡು (ಹಾಸನ):
ಕ್ಯಾನ್ ಕಟ್ಟಿಕೊಂಡು ಪೂರ್ತಿ ಲೋಡಲ್ಲಿ ಘಾಟಿ ಹತ್ತಿತು, ಒಂದು ಸಲವೂ ನಿಲ್ಲಲಿಲ್ಲ. ಪಾರದರ್ಶಕ ಪೈಪಲ್ಲಿ ಗುಳ್ಳೆ ಇಲ್ಲ.

ಟ್ಯಾಂಕ್ ಇಳಿಸಿದ್ದಾಯ್ತು. ತಳದಲ್ಲಿ ಎರಡು ಬೆರಳು ದಪ್ಪ ಕಪ್ಪು ಲೋಳೆ, ಅದರ ಕೆಳಗೆ ನೀರು. ಜಾಲರಿ ಮೇಲೆ ಲೋಳೆ ತೊಗಲಿನ ಹಾಗೆ ಅಂಟಿತ್ತು, ಉಗುರಲ್ಲಿ ಕೆರೆದರೆ ಪದರವಾಗಿ ಎದ್ದು ಬಂತು. ಕಬ್ಬಿಣದ ಪೈಪ್ ಚಾಸಿಗೆ ಕ್ಲಿಪ್ ಹಾಕಿರೋ ಕಡೆ ರಬ್ಬರ್ ಸರಿಸಿದೆವು. ಒಳಗೆ ಒದ್ದೆ ಮಣ್ಣು, ತುಕ್ಕು ಹುಡಿಹುಡಿಯಾಗಿ ಉದುರಿತು. ಒರೆಸಿ, ಒಂದು ತುದಿಗೆ ಬೆರಳಿಟ್ಟು ಇನ್ನೊಂದು ತುದಿಯಿಂದ ಊದಿದರೆ ಸೋಪಿನ ನೀರಲ್ಲಿ ಗುಳ್ಳೆ ಎದ್ದಿತು. ತೂತು ಸಾಸಿವೆಗಿಂತ ಚಿಕ್ಕದು. ಅಲ್ಲಿಗೆ ಎಂ-ಸೀಲ್ ಹಚ್ಚಿದರೆ ಸಾಕಾ?

ಡೀಸೆಲ್ ಲೈನು:
ಬೇಡ. ಒಂದು ಕಡೆ ತೂತು ಬಿದ್ದ ಪೈಪ್ ಉಳಿದ ಕ್ಲಿಪ್‌ಗಳ ಕೆಳಗೂ ಅಷ್ಟೇ ತೆಳುವಾಗಿರುತ್ತೆ. ಪೂರ್ತಿ ಪೈಪ್ ಬದಲಿಸಿ, ಬ್ಯಾಂಜೋ ಬೋಲ್ಟುಗಳಿಗೆ (ಪೈಪ್ ಜೋಡಿಸೋ, ಒಳಗೆ ತೂತಿರೋ ಬೋಲ್ಟು) ಎರಡೂ ಕಡೆ ಹೊಸ ತಾಮ್ರದ ವಾಷರ್ ಹಾಕಿ, ಹಳೇದನ್ನ ಉಜ್ಜಿ ಮತ್ತೆ ಹಾಕಬೇಡಿ. ಟ್ಯಾಂಕನ್ನ ಎರಡೆರಡು ಲೀಟರ್ ಡೀಸೆಲ್ ಹಾಕಿ, ಅಲುಗಿಸಿ, ಶುದ್ಧವಾಗಿ ಬರುವವರೆಗೆ ತೊಳೆಯಿರಿ. ನೀರಲ್ಲಿ ತೊಳೆದರೆ ಮತ್ತೆ ತುಕ್ಕು. ಟ್ಯಾಂಕಿಗೆ ವೆಲ್ಡಿಂಗ್ ಮಾಡೋ ಮಾತು ಯಾರಾದರೂ ಆಡಿದರೆ ಅಲ್ಲಿಂದ ಗಾಡಿ ತನ್ನಿ, ಖಾಲಿ ಟ್ಯಾಂಕಿನ ಆವಿ ಸಿಡಿಯುತ್ತೆ.

ಆ ಲೋಳೆ ಹುಟ್ಟೋದು ನೀರು ಮತ್ತು ಡೀಸೆಲ್ ಸೇರೋ ಗೆರೇಲಿ. ಅರ್ಧ ಖಾಲಿ ಟ್ಯಾಂಕ್ ರಾತ್ರಿ ತಣ್ಣಗಾದಾಗ ಒಳಗಿನ ಗಾಳಿಯ ತೇವ ನೀರಾಗಿ ಇಳಿಯುತ್ತೆ. ಮಳೆಗಾಲದ ಕರಾವಳೀಲಿ ಇನ್ನೂ ಹೆಚ್ಚು. ರಾತ್ರಿ ನಿಲ್ಲಿಸೋ ಮೊದಲು ಡೀಸೆಲ್ ತುಂಬಿಸಿ. ವಾಟರ್ ಸೆಪರೇಟರ್ (ಡೀಸೆಲ್‌ನಿಂದ ನೀರು ಬೇರೆ ಮಾಡೋ ಬಟ್ಟಲು) ಕೆಳಗಿನ ತಿರುಪನ್ನ ವಾರಕ್ಕೊಮ್ಮೆ ಬಿಚ್ಚಿ ಒಂದು ಲೋಟ ಇಳಿಸಿ ನೋಡಿ. ಹೊಸ ಫಿಲ್ಟರ್ ಹಾಕಿದ್ದರೂ ಈ ಟ್ಯಾಂಕ್ ಕೆಲಸದ ನಂತರ ಉಳಿದ ಲೋಳೆ ಬಂದು ಮತ್ತೊಮ್ಮೆ ಕಟ್ಟುತ್ತೆ. 1000 ಕಿಲೋಮೀಟರಿಗೆ ಇನ್ನೊಂದು ಸೆಟ್ ತಂದಿಟ್ಟುಕೊಳ್ಳಿ.

ಹೆಂಚಿನ ಲೋಡು (ಹಾಸನ):
ಪೈಪ್, ಬೆಲ್ಟ್, ಅರ್ತ್ ಪಟ್ಟಿ, ವ್ಯಾಕ್ಯೂಮ್ ಪಂಪ್ ಸೀಲ್, ಆಯಿಲ್ ವಾಪಸ್ ಹೋಸ್ (ಒಳಗೆ ಊದಿಕೊಂಡು ಪೆನ್ಸಿಲ್ ಕೂಡ ತೂರ್ತಿರಲಿಲ್ಲ), ಥರ್ಮೋಸ್ಟಾಟ್, ಫ್ಯಾನ್ ಕವಚ ಎಲ್ಲ ಹೊಸದು. ರೇಡಿಯೇಟರ್‌ಗೆ ರಾಡ್ ಹೊಡೆಸಿ, ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಸಮಸಮ ಹಾಕಿದೆ. ಬೆಳಿಗ್ಗೆ ಒಂದೇ ಸೆಲ್ಫ್. ಹೆಡ್‌ಲೈಟ್ ಜೊತೆ 14.1 ವೋಲ್ಟ್. ಪೆಡಲ್ ಪರೀಕ್ಷೆಯಲ್ಲಿ ಕುಸೀತಿದೆ. ಘಾಟೀಲಿ ಮುಳ್ಳು ಅರ್ಧದಲ್ಲೇ. ಒಂದು ಮಾತ್ರ ಉಳಿದಿದೆ: ವಾರಕ್ಕೆ ಸುಮಾರು 200 ಮಿಲಿ ಕೂಲೆಂಟ್ ಇನ್ನೂ ಹೋಗ್ತಿದೆ, ಹೋಸ್‌ಗಳೆಲ್ಲ ಒಣಗಿವೆ.

ರೇಡಿಯೇಟರ್ ಬೀದಿ:
ವಾಟರ್ ಪಂಪಿನ ಕತ್ತಿನ ಕೆಳಗೆ ಒಂದು ಚಿಕ್ಕ ತೂತು ಇರುತ್ತೆ. ಕನ್ನಡಿ ಹಿಡಿದು ನೋಡಿ, ಅದರ ಬಾಯಿಂದ ಕೆಳಕ್ಕೆ ಕೂಲೆಂಟ್ ಬಣ್ಣದ ಒಣ ಗೆರೆ ಇದ್ದರೆ ಒಳಗಿನ ಸೀಲ್ ಸೋರ್ತಿದೆ. ಹಳೇ ಬೆಲ್ಟ್ ಜಾರ್ತಿದೆ ಅಂತ ವರ್ಷಗಟ್ಟಲೆ ಬಿಗಿ ಮಾಡ್ತಾ ಬಂದಿದ್ದರೆ ಪಂಪಿನ ಬೇರಿಂಗ್ ಸವೆದೇ ಇರುತ್ತೆ. ಎಂಜಿನ್ ಆಫ್ ಮಾಡಿ, ಬೆಲ್ಟ್ ಸಡಿಲಿಸಿ, ಫ್ಯಾನ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂತ ಆಡಿದರೆ ಇನ್ನೊಂದು ಲೋಡ್ ಹೇರೋ ಮೊದಲೇ ಪಂಪ್ ಬದಲಿಸಿ, ಬೇರಿಂಗ್ ಮುರಿದರೆ ಫ್ಯಾನ್ ನೇರ ರೇಡಿಯೇಟರ್‌ಗೆ ನುಗ್ಗುತ್ತೆ. ಆ ತೂತನ್ನ ಮಾತ್ರ ಯಾರೂ ಮುಚ್ಚದ ಹಾಗೆ ನೋಡಿಕೊಳ್ಳಿ. ಮುಚ್ಚಿದರೆ ನೀರು ಬೇರಿಂಗ್ ಒಳಕ್ಕೇ ಹೋಗುತ್ತೆ.